ಕಾಕಾನ ಎಡಗಿವಿ

ನಮ್ಮ ಕಾಕಾನ ಎಡಗಿವಿ ಕೇಳೋದಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಕಿವಿಯಲ್ಲಿ ಒಂದು ಅರಳೆ ಉಂಡೆ ಇದ್ದೇ ಇದೆ. ಮಳೆಗಾಲದಲ್ಲಿ ಕಿವಿ ಸೋರುತ್ತದೆ. ಆಗ ಅರಳೆ ದಿನಕ್ಕೆ ಎರಡು ಸಲ ಬದಲಾಗುತ್ತದೆ, ಅಷ್ಟೇ. ಅವನ ಜೊತೆ ಮಾತಾಡೋದಿದ್ದರೆ ಮನೆಯವರೆಲ್ಲ ಯೋಚನೆ ಮಾಡದೆ ಬಲಗಡೆ ಹೋಗಿ ಕೂರುತ್ತೇವೆ. ಮದುವೆಯಾಗಿ ಬಂದ ಸೊಸೆಯರಿಗೆ ಮೊದಲ ವಾರ ಕಲಿಸೋದೂ ಇದನ್ನೇ.

ಕಿವಿ ಹೆಂಗೆ ಹೋಯಿತು ಅಂತ ಚಿಕ್ಕವರಿದ್ದಾಗ ಕೇಳುತ್ತಿದ್ದೆವು. "ಬಾವಿ ತಗೊಂತು" ಅನ್ನುತ್ತಿದ್ದ. ಅದರ ಮುಂದೆ ಮಾತಿಲ್ಲ. ಬಾವಿಗೆ ಕಿವಿ ಯಾಕೆ ಬೇಕು ಅಂತ ನಮಗೆ ಹೊಳೆಯುತ್ತಿರಲಿಲ್ಲ. ನನಗೆ ಅದು ಹೊಳೆದದ್ದು ಹೋದ ಡಿಸೆಂಬರ್‌ನಲ್ಲಿ, ಅರಬ್ಬಿ ಸಮುದ್ರದೊಳಗೆ ನಾಲ್ಕು ಮೀಟರ್ ಇಳಿದಾಗ. ಅಷ್ಟೊತ್ತಿಗೆ ನನಗೆ ನಲವತ್ಮೂರು ವಯಸ್ಸು.

ನಮ್ಮೂರು ಗದಗದ ಹತ್ತಿರ, ಲಕ್ಕುಂಡಿಯ ಆಚೆ. ಎರೆ ಹೊಲ, ಬಿಳಿಜೋಳ, ಕಡಲೆ, ಒಂದಿಷ್ಟು ಕುಸುಬಿ. ಸಮುದ್ರ ಅಂದರೆ ನಮಗೆ ಶಾಲೆಯ ನಕಾಶೆಯಲ್ಲಿ ನೀಲಿ ಬಣ್ಣ ಹಚ್ಚೋ ಜಾಗ. ನೀರು ಅಂದರೆ ಬಾವಿ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವು ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಮಾಣಿಕೇಶ್ವರ ಗುಡಿಯ ಹತ್ತಿರದ ಮುಸುಕಿನ ಬಾವಿ ನೋಡಿದವರು ಆ ಲೆಕ್ಕವನ್ನು ಸುಳ್ಳು ಅನ್ನೋದಿಲ್ಲ. ಮೆಟ್ಟಿಲಿಳಿಯೋ ಕಡೆಯಲ್ಲೂ ಸಣ್ಣ ಸಣ್ಣ ಗುಡಿ ಕೆತ್ತಿಟ್ಟ ಜನ ಅವರು. ನಮ್ಮೂರ ಬಾವಿಗೆ ಅಂಥ ಸಿಂಗಾರ ಇರಲಿಲ್ಲ. ಕಲ್ಲಿನ ಗೋಡೆ, ಅರ್ಧಕ್ಕೆ ನಿಂತ ಮೆಟ್ಟಿಲು, ಮೇಲೆ ಕಿರ್ ಅನ್ನೋ ಗಡಗಡೆ.

ಹಗ್ಗ ಬಿಚ್ಚಿ ಕೊಡ ಬಿದ್ದರೆ ಮೊದಲು ಪಾತಾಳಗರಡಿ ಇಳಿಬಿಡುತ್ತಿದ್ದರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಬ್ಬಿಣದ ಬಳೆಯ ಸುತ್ತ ಕೊಕ್ಕೆಗಳು ಜೋತುಬಿದ್ದ ಒಂದು ಸಾಮಾನು ಅದು. ಹಗ್ಗಕ್ಕೆ ಕಟ್ಟಿ ತಳದಲ್ಲಿ ಆಡಿಸಿದರೆ ಕೊಡದ ಕಂಠಕ್ಕೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಸಿಗದಿದ್ದರೆ ಕಾಕಾನಿಗೆ ಹೇಳಿ ಕಳಿಸುತ್ತಿದ್ದರು. ಅಂಗಿ ಕಳಚಿ, ಧೋತರ ಬಿಗಿದು ಕಟ್ಟಿ, ತುಸು ಹೊತ್ತು ನೀರನ್ನೇ ನೋಡುತ್ತ ನಿಂತು, ತಲೆ ಕೆಳಗೆ ಮಾಡಿ ಹಾರುತ್ತಿದ್ದ. ನಾವು ಹುಡುಗರು ಕಟ್ಟೆಯ ಮೇಲೆ ಎಣಿಸುತ್ತಿದ್ದೆವು. ಐವತ್ತು ದಾಟಿದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಎಪ್ಪತ್ತರ ಆಸುಪಾಸಿಗೆ ಮೊದಲು ಕೊಡ ಕಾಣುತ್ತಿತ್ತು, ಆಮೇಲೆ ಕೈ, ಆಮೇಲೆ ತಲೆ. ಕೂಲಿ ಎರಡು ಎಲೆ, ಒಂದು ಅಡಿಕೆ. ಹಿತ್ತಾಳೆ ಕೊಡವಾದರೆ ಒಂದು ಕಪ್ಪು ಚಹಾ ಜಾಸ್ತಿ.

ನನಗೆ ಈಜು ಕಲಿಸಿದವನೂ ಅವನೇ. ನನಗಾಗ ಒಂಬತ್ತು ವರ್ಷ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಎತ್ತಿ ಒಗೆದ. ಬುರುಡೆ ಬಿಚ್ಚೋ ದಿನ ಮೂರು ಮಾತು ಹೇಳಿದ. "ಉಸಿರ ಬಿಗಿ ಹಿಡಿ. ಕಿವಿ ನೋವಾದ್ರ ತಡಕೊ. ಲಗೂನ ಮ್ಯಾಲ ಬಾ."

ಈ ಮೂರನ್ನೂ ನಾನು ಮರೆತಿರಲಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು.

ತಂಗಿಯ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಾನೂ ಈಗ ಹುಬ್ಬಳ್ಳಿಯವನೇ. ದೀಪಾವಳಿ ಮುಗಿದ ಮೇಲೆ ಒಂದು ದಿನ ಮನೆಗೆ ಬಂದು, "ಮಾಮಾ, ನಾವು ನಾಕ ಮಂದಿ ನೇತ್ರಾಣಿ ದ್ವೀಪಕ್ಕ ಸ್ಕೂಬಾ ಡೈವಿಂಗ್‌ಗೆ ಹೊಂಟೇವಿ, ಬೆನ್ನಿಗೆ ಸಿಲಿಂಡರ್ ಕಟಗೊಂಡು ಸಮುದ್ರದಾಗ ಇಳಿಯೋದು. ಒಬ್ಬ ಕೈಕೊಟ್ಟಾನ. ನೀವು ಬರ್ರಿ" ಅಂದ. ರೊಕ್ಕ ಮೊದಲೇ ಕಟ್ಟಿದ್ದರು, ವಾಪಸ್ ಬರುವಂತಿರಲಿಲ್ಲ. ತಲೆಗೆ ಐದು ಸಾವಿರದ ಹತ್ತಿರ. ಸಾಹಸ, ಕನಸು, ಹಂಬಲ ಅಂತೆಲ್ಲ ಬರೆದರೆ ಚಂದ ಕಾಣುತ್ತದೆ. ಆದರೆ ನಾನು ಹೋದದ್ದು ಐದು ಸಾವಿರ ಹಾಳಾಗಬಾರದು ಅಂತ. ಕೈಕೊಟ್ಟ ಹುಡುಗನಿಗೆ ಅವನ ಅವ್ವ ಬೇಡ ಅಂದಿದ್ದಳಂತೆ. ನನಗೆ ಹೆಂಡತಿ ಬೇಡ ಅಂದಳು, ಆದರೆ ಅಷ್ಟು ಗಟ್ಟಿಯಾಗಿ ಅನ್ನಲಿಲ್ಲ.

ಸುದ್ದಿ ಹೆಂಗೋ ಊರಿಗೆ ಮುಟ್ಟಿತು. ಚಿಗವ್ವ ಫೋನ್ ಮಾಡಿದಳು. "ಸಮುದ್ರದಾಗ ಹವಳ ಇರ್ತಾವಂತಲ್ಲೋ. ಬರೋ ಮುಂದ ನಾಕ ಆರಿಸಿಕೊಂಡ ಬಾ. ನನ್ನ ತಾಳಿಸರದಾಗಿಂದು ಒಂದು ಒಡದೈತಿ."

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ, ಹೊನ್ನಾವರ, ಮುರುಡೇಶ್ವರ. ಘಟ್ಟ ಇಳಿಯುವಾಗ ಕಿವಿ ಕಟ್ಟಿ ಟಪ್ ಅಂತ ಬಿಟ್ಟಿತು. ಎಂಜಲು ನುಂಗಿದೆ, ಸರಿಹೋಯಿತು. ಅದೊಂದು ಸೂಚನೆ ಅಂತ ಅವತ್ತು ತಿಳಿಯಲಿಲ್ಲ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗಿದೆ. ಹಳೆ ಇಂಗ್ಲಿಷ್ ನಕಾಶೆಗಳಲ್ಲಿ ಅದು ಪಿಜನ್ ಐಲ್ಯಾಂಡ್. ಪಾರಿವಾಳ ಜಾಸ್ತಿ ಇದ್ದವಂತೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಹೃದಯದ ಆಕಾರ. ದ್ವೀಪದ ಮೇಲೆ ಜಟ್ಟಿಗ ದೇವರು ಇದ್ದಾನೆ, ಮೀನುಗಾರರು ನಡೆದುಕೊಳ್ಳುತ್ತಾರೆ. ನೌಕಾಪಡೆಯವರು ಬಹಳ ವರ್ಷ ಗುರಿ ಹೊಡೆಯೋ ಅಭ್ಯಾಸಕ್ಕೂ ಇದೇ ಜಾಗ ಬಳಸಿದ್ದಾರೆ. ದೇವರು, ಪಾರಿವಾಳ, ತೋಪಿನ ಗುಂಡು ಎಲ್ಲ ಒಂದೇ ಗುಡ್ಡದ ಮೇಲೆ! ಬೋಟು ಒಂದೂವರೆ ತಾಸು ತಗೊಂಡಿತು. ದಂಡೆಯಲ್ಲಿ ನಿಂತಾಗ ಕತ್ತು ನೋಯಿಸಿಕೊಂಡು ನೋಡಿದ 123 ಅಡಿಯ ಶಿವ ಹೆಬ್ಬೆರಳಿನಷ್ಟಾಗಿ, ಆಮೇಲೆ ಮಂಜಿನಲ್ಲಿ ಇಲ್ಲವೇ ಇಲ್ಲ. ನಮ್ಮ ಹುಡುಗರಲ್ಲಿ ಇಬ್ಬರು ವಾಂತಿ ಮಾಡಿದರು. ನಾನು ಮಾಡಲಿಲ್ಲ ಅನ್ನೋದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್. ಅಕ್ಟೋಬರ್ ಹೊತ್ತಿಗೆ ಶುರುವಾಗಿ ಮೇ ತನಕ ನಡೆಯುತ್ತದೆ. ನೀರು ತಿಳಿಯಾಗಿರೋದು ಚಳಿಗಾಲದಲ್ಲಿ.

ಹೊರಡೋ ಮುಂಚೆ ಒಂದು ಫಾರ್ಮ್ ತುಂಬಿಸಿದರು. ದಮ್ಮು ಇದೆಯಾ, ಫಿಟ್ಸ್ ಬಂದಿತ್ತಾ, ಕಿವಿಯ ಆಪರೇಷನ್ ಆಗಿದೆಯಾ, ನೆಗಡಿ ಇದೆಯಾ. ನೆಗಡಿಗೂ ಡೈವಿಂಗ್‌ಗೂ ಏನು ಸಂಬಂಧ ಅಂತ ನಗು ಬಂತು. ಎಲ್ಲದಕ್ಕೂ ಇಲ್ಲ ಅಂತ ಬರೆದೆ.

ನಮ್ಮ ಟ್ರೇನರ್ ಕುಮಟಾ ಕಡೆಯ ಹುಡುಗ. ಮಾತು ಕಡಿಮೆ. ಬೋಟಿನಲ್ಲೇ ಪಾಠ ಹೇಳಿದ. ಮೊದಲನೇ ಮಾತೇ, "ಸರ್, ಇದು ಆಕ್ಸಿಜನ್ ಸಿಲಿಂಡರ್ ಅಲ್ಲ." ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ಅದರಲ್ಲಿ ಇರೋದು ನಾವು ಈಗ ಉಸಿರಾಡುತ್ತಿರೋ ಗಾಳಿಯೇ, ಐದರಲ್ಲಿ ಒಂದು ಪಾಲು ಆಕ್ಸಿಜನ್. ಬರೀ ಆಕ್ಸಿಜನ್ ತುಂಬಿಕೊಂಡು ಆರು ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷ, ಫಿಟ್ಸ್ ಬರುತ್ತದೆ. ಗಾಳಿಯನ್ನೇ 200 ಬಾರ್ ಒತ್ತಡಕ್ಕೆ ತುರುಕಿರುತ್ತಾರೆ. ಕಾರಿನ ಟೈರಿಗೆ 32 ಹಾಕಿಸುತ್ತೀವಲ್ಲ (ಅದು ಪಿಎಸ್‌ಐ ಲೆಕ್ಕ, ಬಾರ್‌ನಲ್ಲಿ ಎರಡು ಚಿಲ್ಲರೆ), ಅದರ ತೊಂಬತ್ತು ಪಟ್ಟು.

ಅಷ್ಟು ಒತ್ತಡದ ಗಾಳಿ ನೇರ ಬಾಯಿಗೆ ಬಂದರೆ ಗತಿ ಏನು? ಅದನ್ನು ಪಳಗಿಸೋದು ರೆಗ್ಯುಲೇಟರ್. ಈ ಸಾಮಾನಿನ ಕಥೆ ನನಗೆ ಬಹಳ ಸೇರಿತು. 1943ರಲ್ಲಿ ಫ್ರಾನ್ಸ್‌ನಲ್ಲಿ ಯುದ್ಧ, ಪೆಟ್ರೋಲ್ ಇಲ್ಲ. ಕಾರುಗಳನ್ನು ಗ್ಯಾಸ್ ಮೇಲೆ ಓಡಿಸಲಿಕ್ಕೆ ಎಮಿಲ್ ಗಾನ್ಯಾಂ ಅನ್ನೋ ಇಂಜಿನಿಯರ್ ಒಂದು ವಾಲ್ವ್ ಮಾಡಿದ್ದ. ನೌಕಾಪಡೆಯ ಜಾಕ್ ಕುಸ್ತೋ ಅವನ ಜೊತೆ ಸೇರಿ ಅದನ್ನೇ ನೀರೊಳಗೆ ಉಸಿರಾಡಲಿಕ್ಕೆ ತಿದ್ದಿಸಿದ. ಅಂದರೆ ನಮ್ಮ ಹುಬ್ಬಳ್ಳಿ ಆಟೋಗಳ ಗ್ಯಾಸ್ ಕಿಟ್ಟೂ ಸ್ಕೂಬಾವೂ ಒಂದು ಲೆಕ್ಕದಲ್ಲಿ ದಾಯಾದಿಗಳು. ಕೂಸು ಎಳೆದಾಗ ಮಾತ್ರ ಹಾಲು ಬರುವಂತೆ, ನೀವು ಎಳೆದಾಗ ಮಾತ್ರ ಗಾಳಿ ಬರುತ್ತದೆ. ಬರುವಾಗ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬರುತ್ತದೆ.

ಎರಡನೇ ಪಾಠ, ಮೂಗು ಹಿಡಿದು ಊದೋದು. ಇಳಿಯುವಾಗ ಅರ್ಧ ಮೀಟರ್‌ಗೊಮ್ಮೆ ಮೂಗು ಮುಚ್ಚಿ ಮೆಲ್ಲಗೆ ಊದಬೇಕು, ಕಿವಿಯಲ್ಲಿ ಟಪ್ ಅನ್ನಬೇಕು. ಮೂರನೇದು, ಏನೇ ಆದರೂ ಉಸಿರು ಹಿಡಿಯಬಾರದು. ನಾಲ್ಕನೇದು, ಮೆಲ್ಲಗೆ ಮೇಲೆ ಬರಬೇಕು. ನಾನು ತಲೆ ಆಡಿಸಿದೆ. ಈಜು ಬರುತ್ತಾ ಅಂತ ಕೇಳಿದ. ಬಾವಿಯಲ್ಲಿ ಕಲಿತದ್ದು ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ.

ಬೋಟಿನ ಅಂಚಿನ ಮೇಲೆ ಕೂತು ಹಿಂದಕ್ಕೆ ಬಿದ್ದೆ. ಇಪ್ಪತ್ತು ಕಿಲೋದಷ್ಟು ಭಾರ ಮೈಮೇಲೆ, ಆದರೆ ನೀರು ಮುಟ್ಟಿದ ಕೂಡಲೇ ಅದು ಮಾಯ. ನನ್ನನ್ನು ತೇಲಿಸುತ್ತಿದ್ದ ಜಾಕೆಟ್ಟಿನ ಗಾಳಿಯನ್ನು ಟ್ರೇನರ್ ಬಿಟ್ಟ. ಇಳಿಯಲಿಕ್ಕೆ ಶುರುವಾಯಿತು.

ನೀರು ತಲೆಯ ಮೇಲೆ ಕೂಡಿದ್ದೇ ತಡ, ಒಂಬತ್ತು ವರ್ಷದ ಹುಡುಗ ವಾಪಸ್ ಬಂದ. ಉಸಿರು ಬಿಗಿ ಹಿಡಿದೆ. ಬೇಕಂತ ಹಿಡಿದದ್ದಲ್ಲ. ಬಾಯಲ್ಲಿ ರೆಗ್ಯುಲೇಟರ್ ಇದೆ, ಎಳೆದರೆ ಗಾಳಿ ಬರುತ್ತದೆ ಅಂತ ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ನೀರು ಅಂದರೆ ಬಾಯಿ ಮುಚ್ಚು ಅಂತಲೇ ಮೂವತ್ತು ವರ್ಷ ಆ ಎದೆ ನಂಬಿಕೊಂಡು ಕೂತಿದೆ. ಮೂರು ಮೀಟರ್ ಇರಬೇಕು, ಕಿವಿ ನೋಯತೊಡಗಿತು. ಮೂಗು ಹಿಡಿದು ಊದಬೇಕು ಅನ್ನೋದು ನೆನಪಿಗೆ ಬರಲೇ ಇಲ್ಲ. ನೆನಪಾದದ್ದು ಕಾಕಾನ ಎರಡನೇ ಮಾತು. ತಡಕೊಂಡೆ. ನಾಲ್ಕು ಮೀಟರ್‌ಗೆ ಕಿವಿಯೊಳಗೆ ದಬ್ಬಣ ಹಾಕಿ ತಿರುಗಿಸಿದಂತೆ ಆಯಿತು. ಆಗ ಮೂರನೇ ಮಾತು. ಲಗೂನ ಮ್ಯಾಲ ಬಾ. ಕಾಲು ಝಾಡಿಸಿ ಮೇಲಕ್ಕೆ ಹೊರಟೆ.

ಟ್ರೇನರ್ ಕಾಲು ಹಿಡಿದು ಎಳೆದ. ಆ ಹುಡುಗನ ಮೇಲೆ ಅಷ್ಟು ಸಿಟ್ಟು ಬಂದಿತ್ತು. ಅವನು ನನ್ನ ಎದೆಗೆ ಅಂಗೈ ಒತ್ತಿ, ತನ್ನ ಬಾಯಿಂದ ಗುಳ್ಳೆ ಬಿಟ್ಟು ತೋರಿಸಿದ. ಬಿಡು, ಬಿಡು ಅಂತ. ಬಿಟ್ಟೆ. ಮೆಲ್ಲಗೆ ನನ್ನನ್ನು ಮೇಲೆ ಕರೆದುಕೊಂಡು ಬಂದ.

ಬೋಟಿನ ಏಣಿ ಹಿಡಿದು ತೇಲುತ್ತಿದ್ದಾಗ ಸಮಾಧಾನವಾಗಿ ಹೇಳಿದ, "ಬಾವಿ ಅಂದ್ರಲ್ಲ ಸರ್, ಅದೇ ತೊಂದ್ರೆ. ಬಾವಿಯವರದ್ದು ಎಲ್ಲ ಉಲ್ಟಾ."

ಯಾಕೆ ಉಲ್ಟಾ ಅನ್ನೋದನ್ನು ನಾನು ಆಮೇಲೆ ಕೂತು ಯೋಚನೆ ಮಾಡಿದೆ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟಾಗುತ್ತದೆ, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಕಾಕಾ ಬಾವಿಗೆ ಹಾರುವಾಗ ಎದೆಯಲ್ಲಿ ತುಂಬಿಕೊಂಡದ್ದು ಕಟ್ಟೆಯ ಮೇಲಿನ ಗಾಳಿ. ಇಳಿದಂತೆ ಅದು ಕುಗ್ಗಿತು, ಮೇಲೆ ಬಂದಂತೆ ಮೊದಲಿನಷ್ಟೇ ಆಯಿತು. ಅದಕ್ಕಿಂತ ಹೆಚ್ಚಾಗಲಿಕ್ಕೆ ಸಾಧ್ಯವಿಲ್ಲ. ಹಾಗಾಗಿ ಅವನು ಉಸಿರು ಹಿಡಿದರೆ ಸರಿ, ಲಗುಬಗೆಯಿಂದ ಬಂದರೂ ಸರಿ. ಆದರೆ ಸ್ಕೂಬಾದಲ್ಲಿ ಎಳೆದುಕೊಳ್ಳೋದು ಕೆಳಗಿನ ಒತ್ತಡದ ಗಾಳಿ. ಹತ್ತು ಮೀಟರ್‌ನಲ್ಲಿ ಎದೆ ತುಂಬ ಎಳೆದು, ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ. ಎದೆ ಎರಡು ಪಟ್ಟು ಹಿಗ್ಗೋದಿಲ್ಲ. ಪೂರ್ತಿ ತುಂಬಿದ ಶ್ವಾಸಕೋಶಕ್ಕೆ ಒಂದೂವರೆ ಮೀಟರ್ ಏರಿದರೂ ಹರಿಯೋ ಅಪಾಯ ಇದೆ. ಅವನು ಕಾಲು ಹಿಡಿದು ಎಳೆದದ್ದು ಅದಕ್ಕೆ.

ಕಿವಿಯ ಲೆಕ್ಕ ಮಾತ್ರ ಬಾವಿಗೂ ಸಮುದ್ರಕ್ಕೂ ಒಂದೇ. ಕಿವಿತಮಟೆಯ ಹಿಂದೆ ಒಂದು ಸಣ್ಣ ಗಾಳಿಯ ಕೋಣೆ. ಅದರಿಂದ ಗಂಟಲಿಗೆ ಒಂದು ತೆಳು ನಳಿಕೆ, ಯಾವಾಗಲೂ ಮುಚ್ಚಿಕೊಂಡಿರುತ್ತದೆ. ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಘಟ್ಟದಲ್ಲಿ ಆದದ್ದು ಅದೇ. ನೆಗಡಿಯಾದರೆ ನಳಿಕೆ ಕಟ್ಟುತ್ತದೆ, ಫಾರ್ಮಿನಲ್ಲಿ ಕೇಳಿದ್ದು ಅದಕ್ಕೇ. ನೀರಿನಲ್ಲಿ ಹೊರಗಿನ ಒತ್ತಡ ತಮಟೆಯನ್ನು ಒಳಗೆ ತಳ್ಳುತ್ತದೆ. ಮೂಗು ಮುಚ್ಚಿ ಊದಿದರೆ ನಳಿಕೆ ತೆರೆದು ಒಳಗೂ ಗಾಳಿ ಹೋಗಿ ಎರಡೂ ಕಡೆ ಸಮ ಆಗುತ್ತದೆ. ಊದದೆ ತಡಕೊಂಡು ಇಳಿದರೆ ತಮಟೆ ಹರಿಯುತ್ತದೆ. ಹರಿದ ಮೇಲೆ ನೋವು ಥಟ್ಟನೆ ಇಳಿಯುತ್ತದೆ. ನೀರು ಒಳಗೆ ಹೋಗುತ್ತದೆ, ತಲೆ ತಿರುಗುತ್ತದೆ, ಕಿವಿ ಸೋರಲಿಕ್ಕೆ ಶುರುವಾಗುತ್ತದೆ. ಕೆಲವರಿಗೆ ತೂತು ತಾನಾಗಿ ಕೂಡುತ್ತದೆ. ಕೆಲವರಿಗೆ ಕೂಡೋದೇ ಇಲ್ಲ.

ಇದನ್ನು ಟ್ರೇನರ್ ಏಣಿ ಹಿಡಿದುಕೊಂಡೇ ಎರಡು ಮಾತಿನಲ್ಲಿ ಹೇಳಿದ. ನಾನು ಅವನ ಕಡೆ ನೋಡುತ್ತಿದ್ದೆ, ಆದರೆ ನನಗೆ ಕಾಣುತ್ತಿದ್ದದ್ದು ಅರಳೆ ಉಂಡೆ. ಮೂಗು ಹಿಡಿದು ಊದೋ ಈ ಉಪಾಯಕ್ಕೆ ವಲ್ಸಾಲ್ವಾ ಅಂತ ಹೆಸರು. ಇಟಲಿಯ ಆ ವೈದ್ಯ ಇದನ್ನು ಬರೆದದ್ದು 1704ರಲ್ಲಿ.

"ಇನ್ನೊಮ್ಮೆ ಹೋಗೋಣವಾ?" ಅಂದ. ಹೋದೆವು.

ಈ ಸಲ ಹಗ್ಗ ಹಿಡಿದು, ಕೈಯಳತೆ ಇಳಿಯೋದು, ಊದೋದು, ಟಪ್. ಮತ್ತೆ ಇಳಿಯೋದು, ಊದೋದು, ಟಪ್. ಉಸಿರನ್ನು ಲೆಕ್ಕ ಹಾಕಿ ಬಿಟ್ಟೆ. ಆರು ಮೀಟರ್ ಆದ ಮೇಲೆ ಲೆಕ್ಕ ಬಿಟ್ಟುಹೋಯಿತು. ಉಸಿರು ತಾನೇ ನಡೆಯುತ್ತಿತ್ತು. ಎಳೆದಾಗ ಸುಯ್, ಬಿಟ್ಟಾಗ ಗುಳುಗುಳು.

ಮೊದಲು ಗಮನಕ್ಕೆ ಬಂದದ್ದು ಸದ್ದು. ಸಮುದ್ರದೊಳಗೆ ಮೌನ ಇರುತ್ತದೆ ಅಂತ ಬರೆಯೋರು ನೀರಿಗೆ ಇಳಿದಿದ್ದಾರೋ ಇಲ್ಲವೋ! ಭಟ್ಟಿಯಲ್ಲಿ ಚುರುಮರಿ ಹುರಿಯೋ ಹಾಗೆ ಚಟಪಟ ಚಟಪಟ, ಒಂದೇ ಸಮನೆ. ಬೆರಳುದ್ದದ ಸಿಗಡಿಗಳು ಕೊಂಡಿ ಹೊಡೆಯೋ ಸದ್ದಂತೆ ಅದು, ಬಂಡೆಯ ಸಂದಿಯಲ್ಲಿ ಸಾವಿರಗಟ್ಟಲೆ ಇರುತ್ತವೆ. ಎಲ್ಲಿಂದ ಬರುತ್ತಿದೆ ಅಂತ ತಿಳಿಯೋದಿಲ್ಲ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗ. ಎರಡೂ ಕಿವಿಗೆ ಒಟ್ಟಿಗೇ ಮುಟ್ಟಿದಂತಾಗಿ ದಿಕ್ಕು ಗೊತ್ತಾಗೋದಿಲ್ಲ. ಅದು ಕಿವಿಯ ತೂತಿಗಿಂತ ಜಾಸ್ತಿ ತಲೆಬುರುಡೆಯ ಎಲುಬಿನಿಂದಲೇ ಒಳಗೆ ಬರುತ್ತದೆ. ಅಂದರೆ ಅಲ್ಲಿ ಕೆಳಗೆ ಕಾಕಾನ ಎಡ ಬಲ ಎರಡೂ ಒಂದೇ. ಅಲ್ಲಿ ಅವನ ಯಾವ ಬದಿಗೆ ಬೇಕಾದರೂ ಕೂರಬಹುದು.

ಆಮೇಲೆ ಹವಳ. ನೇತ್ರಾಣಿಯದ್ದು ಲಕ್ಷದ್ವೀಪದಂಥ ಹವಳದಿಂದಲೇ ಕಟ್ಟಿದ ದ್ವೀಪ ಅಲ್ಲ. ಇದು ಬಂಡೆಯ ದ್ವೀಪ, ಬಂಡೆಗೆ ಹವಳ ಹತ್ತಿದೆ. ಟಿವಿಯಲ್ಲಿ ನೋಡಿದ ಬಣ್ಣಬಣ್ಣದ ತೋಟ ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ. ಕಂದು, ಹಸಿರು ಮಿಶ್ರಿತ ಕಂದು, ಅಲ್ಲಲ್ಲಿ ಹಳದಿ. ಒಂದು ಕಡೆ ಮಿದುಳಿನ ಗೆರೆಗಳಿದ್ದ ದೊಡ್ಡ ಗುಂಡು. ಇನ್ನೊಂದು ಕಡೆ ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತೆ. ಮುಟ್ಟಬಾರದು ಅಂತ ಮೊದಲೇ ಹೇಳಿದ್ದ, ಕೈ ಎದೆಗೆ ಕಟ್ಟಿಕೊಂಡು ತೇಲಿದೆ. ಗಿಳಿಮೀನೊಂದು ಬಂಡೆಯನ್ನು ಕಟಕಟ ಕಡಿಯುತ್ತಿತ್ತು, ಆ ಸದ್ದೂ ಕೇಳಿತು. ಅದು ಹವಳದ ಕಲ್ಲು ಕೆರೆದು ತಿಂದು ಹಿಂದಿನಿಂದ ಮರಳು ಬಿಡುತ್ತದೆ. ದೊಡ್ಡ ಜಾತಿಯದಾದರೆ ವರ್ಷಕ್ಕೆ ಕ್ವಿಂಟಲ್ ಲೆಕ್ಕದಲ್ಲಿ. ಹವಳದ ದ್ವೀಪಗಳ ಬಿಳಿ ಮರಳಿನ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳೋ ಹೊಸ ಜೋಡಿಗಳಿಗೆ ಇದನ್ನು ಯಾರೂ ಹೇಳೋದಿಲ್ಲ.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಪ್ರಾಣಿ. ಕಾಳಿನಷ್ಟು ಸಣ್ಣ ಜೀವಿಗಳು ಸಾವಿರಾರು ಕೂಡಿ ಸುಣ್ಣದ ಮನೆ ಕಟ್ಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ನಮ್ಮ ಕಡೆ ಹೊಲ ಪಾಲಿಗೆ ಹಾಕುತ್ತಾರಲ್ಲ, ಹಾಗೇ. ಜಾಗ ಹವಳದ್ದು, ದುಡಿಮೆ ಪಾಚಿಯದ್ದು. ಬಿಸಿಲಿನಿಂದ ಪಾಚಿ ತಯಾರಿಸಿದ ಅನ್ನದಲ್ಲಿ ಹೆಚ್ಚಿನದು ಹವಳಕ್ಕೆ ಸೇರುತ್ತದೆ. ಬಣ್ಣವೂ ಬಹುಪಾಲು ಪಾಚಿಯದ್ದೇ. ಬೇಸಿಗೆಯ ಮಾಮೂಲಿ ಕಾವಿಗಿಂತ ನೀರು ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಈ ಒಪ್ಪಂದ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಪಾಲಿನವನನ್ನು ಓಡಿಸಿದ ಗೌಡ ತಾನೇ ಉಪವಾಸ ಬೀಳುತ್ತಾನೆ. ಬರೀ ಬಿಳಿ ಎಲುಬು ಕಾಣುತ್ತದೆ. ಬೇಗ ತಂಪಾದರೆ ಪಾಚಿ ವಾಪಸ್ ಬರಬಹುದು, ಇಲ್ಲದಿದ್ದರೆ ಸಾವು. 1998ರಲ್ಲಿ ಲಕ್ಷದ್ವೀಪದಲ್ಲಿ ಹೀಗೆ ಬಹಳಷ್ಟು ಸತ್ತಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಸಮುದ್ರ, ಹವಾಮಾನ ಸಂಸ್ಥೆ ನೋವಾ ಜಗತ್ತಿನಾದ್ಯಂತ ಹವಳ ಬಿಳುಪೇರೋದು ಇದು ನಾಲ್ಕನೇ ಸಲ ಅಂತ ಹೇಳಿತು. ನಾವು ಮೂರ್ನಾಲ್ಕು ತಟ್ಟೆಯಗಲದ ಬಿಳಿ ಮಚ್ಚೆಗಳನ್ನು ನೋಡಿದೆವು. ಟ್ರೇನರ್ ಅವುಗಳ ಕಡೆ ಬೆರಳು ಮಾಡಲಿಲ್ಲ, ಸುಮ್ನೆ ದಾಟಿಕೊಂಡು ಹೋದ.

ಹತ್ತು ಮೀಟರ್ ಹತ್ತಿರ ನನ್ನ ಕೈ ಕಡೆ ನೋಡಿಕೊಂಡೆ. ಮುಂಗೈಗೆ ಗುಡಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ. ಅದು ಕೆಂಪಗಿರಲಿಲ್ಲ. ಹಳೆ ಕಾಫಿ ಕಲೆಯ ಹಾಗೆ ಕಪ್ಪು. ನೀರು ಮೊದಲು ನುಂಗೋದು ಕೆಂಪು ಬೆಳಕನ್ನೇ. ಟ್ರೇನರ್ ಟಾರ್ಚ್ ಬಿಟ್ಟ, ದಾರ ಥಟ್ಟನೆ ಕುಂಕುಮದ ಹಾಗೆ ಹೊತ್ತಿಕೊಂಡಿತು. ಆರಿಸಿದ, ಮತ್ತೆ ಕಪ್ಪು. ನಾನು ಇನ್ನೊಮ್ಮೆ, ಇನ್ನೊಮ್ಮೆ ಅಂತ ಸನ್ನೆ ಮಾಡಿದೆ. ಮೂರು ಸಲ ತೋರಿಸಿ ಸಾಕು ಅಂದ.

ಚಿಗವ್ವನ ತಾಳಿಯ ಹವಳ ನೆನಪಾದದ್ದು ಆಗ. ಅವಳು ಕೇಳಿದ ಹವಳ ಇಲ್ಲಿ ಇರೋದೇ ಅಲ್ಲ. ತಾಳಿಸರಕ್ಕೆ, ಮಂಗಳನ ಉಂಗುರಕ್ಕೆ ಹಾಕೋ ಕೆಂಪು ಹವಳ ಬೇರೆ ಜಾತಿ. ಅದಕ್ಕೆ ಪಾಚಿಯ ಹಂಗಿಲ್ಲ, ಬಿಸಿಲೂ ಬೇಕಿಲ್ಲ. ಹಿಂದಿನಿಂದ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರದ್ದು, ಮಬ್ಬು ಗವಿಗಳಲ್ಲಿ, ಆಳದ ಬಂಡೆಗಳಿಗೆ ಹತ್ತಿಕೊಂಡು ಬಹಳ ನಿಧಾನಕ್ಕೆ ಬೆಳೆಯುತ್ತದೆ. ಇಟಲಿಯ ತೊರ್ರೆ ದೆಲ್ ಗ್ರೆಕೊ ಅನ್ನೋ ಊರಿನಲ್ಲಿ ತಲೆಮಾರುಗಳಿಂದ ಅದನ್ನು ಕೊರೆದು ಮಣಿ ಮಾಡುತ್ತಾರೆ. ಆ ಆಳದಲ್ಲಿ ಕೆಂಪು ಬೆಳಕೇ ಇಲ್ಲ. ನಮ್ಮ ಹೆಂಗಸರು ಯಾವ ಕೆಂಪಿಗಾಗಿ ಅದನ್ನು ಕೊರಳಿಗೆ ಕಟ್ಟಿಕೊಂಡರೋ ಆ ಕೆಂಪು ಅದು ಹುಟ್ಟಿದ ಜಾಗದಲ್ಲಿ ಯಾರಿಗೂ ಕಾಣೋದೇ ಇಲ್ಲ. ನೀರಿನಿಂದ ಹೊರಗೆ ತೆಗೆದ ಮೇಲೇ ಅದು ಕೆಂಪು.

ನೇತ್ರಾಣಿಯ ಹವಳ ತರೋದಂತೂ ದೂರದ ಮಾತು. ಅದು ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ, ಹುಲಿ ಇರೋ ಪಟ್ಟಿಯಲ್ಲಿ. ದಂಡೆಯಲ್ಲಿ ಸತ್ತು ಬಿದ್ದ ತುಂಡನ್ನೂ ಎತ್ತಿಕೊಂಡು ಬರುವ ಹಾಗಿಲ್ಲ.

ಒಟ್ಟು ಇಪ್ಪತ್ತೈದು ನಿಮಿಷ ಕೆಳಗಿದ್ದೆವಂತೆ. ಮೇಲೆ ಬರೋದು ಮೆಲ್ಲಗೆ, ನಮ್ಮ ಗುಳ್ಳೆ ನಮಗಿಂತ ಮುಂದೆ ಹೋಗಬೇಕು ಅಂತ ಅವನ ಲೆಕ್ಕ.

ಅವತ್ತೇ ಸಂಜೆ ಹುಬ್ಬಳ್ಳಿಗೆ ಹೊರಡೋ ವಿಚಾರ ಹುಡುಗರದ್ದು. ಟ್ರೇನರ್ ಬೇಡ ಅಂದ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ, ಘಟ್ಟವೂ ಅದೇ ಲೆಕ್ಕದಲ್ಲಿ ಬರುತ್ತದೆ ಅನ್ನೋದು ಬಹಳ ಜನಕ್ಕೆ ತಿಳಿದಿಲ್ಲ. ಒತ್ತಡದಲ್ಲಿ ಮೈಗೆ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಗೆ ಹೋಗಬೇಕು. ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆ ಕಟ್ಟಬಹುದು, ಸೋಡಾ ಬಾಟ್ಲಿ ತೆಗೆದ ಹಾಗೆ. 300 ಮೀಟರ್‌ಗಿಂತ ಎತ್ತರಕ್ಕೆ ಹೋಗೋದಿದ್ದರೆ ಒಂದು ಡೈವ್ ಆದ ಮೇಲೆ ಕನಿಷ್ಠ 12 ತಾಸು ತಡೆಯಬೇಕು. ಹುಬ್ಬಳ್ಳಿ 600 ಮೀಟರ್‌ಗಿಂತ ಮೇಲೆ ಇದೆ. ನಾವು ಇಳಿದದ್ದು ಕಡಿಮೆ ಆಳ, ಅಪಾಯ ಸಣ್ಣದು. ಆದರೂ ರಾತ್ರಿ ಮುರುಡೇಶ್ವರದಲ್ಲೇ ಉಳಿದೆವು. ಐದು ಸಾವಿರ ಉಳಿಸಲಿಕ್ಕೆ ಹೋದವನಿಗೆ ಲಾಡ್ಜಿನ ಖರ್ಚು ಮೇಲೆ ಬಿತ್ತು.

ಆ ತಿಂಗಳ ಕೊನೆಗೆ ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲಿಕ್ಕೆ ಊರಿಗೆ ಹೋದೆವು. ಹೊಲದ ಬನ್ನಿಗಿಡದ ಕೆಳಗೆ ಚಾಪೆ ಹಾಸಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಕಡಲೆ ಹೂವಿಗೆ ಬಂದಿತ್ತು. ಬರುವ ದಾರಿಯಲ್ಲಿ ಊರ ಬಾವಿ ಇಣುಕಿ ನೋಡಿದೆ. ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ಗಡಗಡೆಯ ಕಂಬ ಒಂದೇ ಉಳಿದಿದೆ. ಕೆಳಗೆ ಎಲ್ಲೋ ಒಂದಿಷ್ಟು ನೀರು ಮಿಣುಕುತ್ತಿತ್ತು. ಪಕ್ಕದಲ್ಲೇ ಬೋರ್‌ವೆಲ್.

ಚಿಗವ್ವನಿಗೆ ಗದಗದ ಪೇಟೆಯಿಂದ ಒಂದು ಹವಳ ತಂದುಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, "ನೀ ಮುಳುಗಿ ತಂದಿದ್ದೇನಲ್ಲ ಬಿಡು" ಅಂದಳು. ಹೆಂಗೆ ಗೊತ್ತಾಯಿತು ಅಂದರೆ, "ರಶೀದಿ ನಿನ್ನ ಕಿಸೇದಾಗ ಕಾಣತೈತಿ."

ಊಟ ಆದ ಮೇಲೆ ಕಾಕಾನ ಬಲಕ್ಕೆ ಹೋಗಿ ಕೂತೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಎಷ್ಟು ಆಳ ಹೋಗಿದ್ದೆ ಅಂತ ಕೇಳಿದ. ಮೂವತ್ತು ಅಡಿಗಿಂತ ಮೇಲೆ ಅಂದೆ. ಎಷ್ಟೊತ್ತು ಅಂದ. ಇಪ್ಪತ್ತೈದು ನಿಮಿಷ ಅಂದೆ. ಸುಣ್ಣದ ಬೆರಳು ನಿಂತಿತು. ಆಮೇಲೆ ನಕ್ಕ. "ಬೆನ್ನಿಗೆ ಸೋರೆಬುರುಡಿ ಕಟಗೊಂಡು ಹೋಗಿದ್ದಿ ಅನ್ನು."

"ಕಿವಿ ನೋವಾಗಲಿಲ್ಲ?"

ಆಯಿತು ಅಂದೆ. ಮೂಗು ಮುಚ್ಚಿ ಊದೋದನ್ನು ಹೇಳಿದೆ. ಮಾಡಿ ತೋರಿಸಿದೆ. ಅವನು ನನ್ನನ್ನೇ ಬಹಳ ಹೊತ್ತು ನೋಡಿದ.

"ಇಷ್ಟ ಏನು?"

"ಇಷ್ಟ."

"ಆವಾಗ ಯಾರರ ಹೇಳಿದ್ರ ಹಿಡೀತಿದ್ನೆಲ್ಲೋ ಮೂಗು. ಅದಕ್ಕೇನ ರೊಕ್ಕ ಬೀಳತಿತ್ತೇನು?"

ನನಗೆ ಏನು ಹೇಳಬೇಕು ತಿಳಿಯಲಿಲ್ಲ. ಅವನು ಎಲೆ ಪಕ್ಕಕ್ಕಿಟ್ಟ. ಎಡಗಿವಿಯ ಅರಳೆ ತೆಗೆದು ಚಾಪೆಯ ಮೇಲೆ ಇಟ್ಟ. ಸುಣ್ಣ ಹತ್ತಿದ ಬೆರಳಿನಿಂದಲೇ ಮೂಗು ಹಿಡಿದು, ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ ಊದಿದ.

ನಾನು ಆ ಕಡೆ ವಾಲಿ ಕಿವಿಗೊಟ್ಟೆ. ಎಡಗಿವಿಯಿಂದ ಸುಯ್ ಅಂತ ಸಣ್ಣಗೆ ಗಾಳಿ ಹೊರಗೆ ಬಂತು, ಸೈಕಲ್ ಟ್ಯೂಬಿನ ಪಂಕ್ಚರ್ ಹಾಗೆ.

"ಬಂತೇನು?" ಅಂದ ಕಾಕಾ.